ಅಂತರ್ಜಾಲದ ಅಂಗಡಿಗೆ ಬಾಡಿಗೆ ಕರಾರು ಎಲ್ಲಿದೆ?

ವ್ಯಾಪಾರದಲ್ಲಿ ಸ್ಥಳದ ಮಹತ್ವವನ್ನು ವರ್ತಕ ಸಮುದಾಯಕ್ಕೆ ಯಾರೂ ಹೊಸದಾಗಿ ಬೋಧಿಸಬೇಕಾಗಿಲ್ಲ. ಚಿಕ್ಕಪೇಟೆಯಲ್ಲಾಗಲಿ, ಅವೆನ್ಯೂ ರಸ್ತೆಯಲ್ಲಾಗಲಿ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ ಒಂದು ಮಳಿಗೆಯನ್ನು ಬಾಡಿಗೆಗೆ ಹಿಡಿಯುವ ಮುನ್ನ ಮುಂಗಡ ಎಷ್ಟು, ಕರಾರು ಎಷ್ಟು ವರ್ಷಕ್ಕೆ, ತೆರವು ಮಾಡಬೇಕಾದಲ್ಲಿ ಎಷ್ಟು ತಿಂಗಳು ಮೊದಲೇ ತಿಳಿಸಬೇಕು, ಹೊಸ ಬಾಡಿಗೆದಾರನಿಂದ ಗುಡ್‌ವಿಲ್ ಪಡೆಯಲು ಮಾಲೀಕನ ಒಪ್ಪಿಗೆ ಇದೆಯೇ ಎಂಬುದನ್ನೆಲ್ಲ ವಿಚಾರಿಸದೆ ಬೀಗದ ಕೈ ಪಡೆಯುವವರು ವಿರಳ. ಛಾಪಾ ಕಾಗದದ ಮೇಲೆ ಕರಾರು ಬರೆಯಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಅದರ ಪ್ರತಿಯನ್ನು ತಿಜೋರಿಯಲ್ಲಿಡುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಇದೇ ವರ್ತಕರು ಅಂತರ್ಜಾಲದಲ್ಲಿ ತಮ್ಮ ಅಂಗಡಿಯನ್ನು ತೆರೆಯುವಾಗ ಈ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಪರದೆಯ ಮೇಲೆ ಮೂಡುವ ಹತ್ತಾರು ಪುಟಗಳ ಷರತ್ತುಗಳನ್ನು ಓದದೆಯೇ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತಿ ಒಳನಡೆಯುತ್ತಾರೆ. ಬಾಡಿಗೆಯಿಲ್ಲ, ಮುಂಗಡವಿಲ್ಲ ಎಂಬ ಕಾರಣಕ್ಕೆ ಕರಾರೂ ಬೇಕಾಗಿಲ್ಲವೆಂದು ಭಾವಿಸಿದಂತಿದೆ.

ಇಂದು ನಮ್ಮ ಬಹುಪಾಲು ಸಣ್ಣ ವ್ಯಾಪಾರಿಗಳ ಹಾಗೂ ಕಿರು ಉತ್ಪಾದಕರ ಅಂತರ್ಜಾಲದ ಅಸ್ತಿತ್ವವೆಂದರೆ ಗೂಗಲ್ ನಕ್ಷೆಯಲ್ಲಿನ ಒಂದು ಗುರುತು, ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ, ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆ, ಹೆಚ್ಚೆಂದರೆ ಒಂದೆರಡು ಮಾರಾಟ ತಾಣಗಳಲ್ಲಿ ನೋಂದಣಿ. ಇವೆಲ್ಲವೂ ಅನ್ಯರ ಜಾಗ. ಅಲ್ಲಿ ನಮ್ಮ ಫಲಕವಿದೆ, ನಮ್ಮ ಸರಕಿದೆ, ನಮ್ಮ ಗ್ರಾಹಕರು ಬಂದು ಹೋಗುತ್ತಾರೆ. ನೆಲ ಮಾತ್ರ ನಮ್ಮದಲ್ಲ. ಈ ವ್ಯವಸ್ಥೆಯನ್ನು ಬಳಸಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಇದರ ಮೇಲೆ ಮಾತ್ರವೇ ವಹಿವಾಟನ್ನು ನಿಲ್ಲಿಸುವುದು ಅಪಾಯಕಾರಿ ಎಂಬುದನ್ನೂ, ಆ ಅಪಾಯದ ಒಂದು ಭಾಗವನ್ನು ನಾವೇ ಅಲ್ಪ ವೆಚ್ಚದಲ್ಲಿ ನಿವಾರಿಸಿಕೊಳ್ಳಬಹುದು ಎಂಬುದನ್ನೂ ಸದಸ್ಯರ ಗಮನಕ್ಕೆ ತರುವುದಷ್ಟೇ ನನ್ನ ಉದ್ದೇಶ.

ತೀರ ಇತ್ತೀಚಿನ ಒಂದು ಉದಾಹರಣೆಯನ್ನು ನೋಡೋಣ. 2017ರಲ್ಲಿ ಗೂಗಲ್ ಸಂಸ್ಥೆಯು ಸಣ್ಣ ಉದ್ದಿಮೆಗಳಿಗಾಗಿ ಉಚಿತ ಜಾಲತಾಣ ನಿರ್ಮಿಸುವ ಸೌಲಭ್ಯವೊಂದನ್ನು ಒದಗಿಸಿತು. ಅಂಗಡಿಯ ಹೆಸರು, ವಿಳಾಸ, ತೆರೆದಿರುವ ಸಮಯ, ನಾಲ್ಕಾರು ಛಾಯಾಚಿತ್ರಗಳನ್ನು ಒದಗಿಸಿದರೆ ಸಾಕು, ಕೆಲವೇ ನಿಮಿಷಗಳಲ್ಲಿ ಪುಟವೊಂದು ಸಿದ್ಧವಾಗುತ್ತಿತ್ತು. ಅದರ ವಿಳಾಸವು 'ಬಿಸಿನೆಸ್ ಡಾಟ್ ಸೈಟ್' ಎಂದು ಕೊನೆಗೊಳ್ಳುತ್ತಿತ್ತು. ಗಣಕಯಂತ್ರದ ಪರಿಚಯವಿಲ್ಲದವರೂ ಮೊಬೈಲ್ ದೂರವಾಣಿಯಿಂದಲೇ ಇದನ್ನು ಮಾಡಬಹುದಾಗಿದ್ದುದರಿಂದ ನಮ್ಮ ದೇಶದ ಸಣ್ಣ ಪಟ್ಟಣಗಳಲ್ಲಿಯೂ ಟೈಲರಿಂಗ್ ಅಂಗಡಿಗಳಿಂದ ಹಿಡಿದು ಬೋರ್‌ವೆಲ್ ಗುತ್ತಿಗೆದಾರರವರೆಗೆ ಅನೇಕರು ಇದನ್ನು ಬಳಸಿಕೊಂಡರು. ವಿಳಾಸವನ್ನು ಪರಿಚಯ ಚೀಟಿಗಳ ಮೇಲೆ, ಕೈಚೀಲಗಳ ಮೇಲೆ, ರಸೀದಿ ಪುಸ್ತಕದ ತಲೆಬರಹದಲ್ಲಿ, ಯುಗಾದಿಗೆ ಹಂಚುವ ಕ್ಯಾಲೆಂಡರುಗಳ ಮೇಲೆ ಮುದ್ರಿಸಿದರು. 2024ರ ಮಾರ್ಚ್ ತಿಂಗಳಲ್ಲಿ ಗೂಗಲ್ ಈ ಸೌಲಭ್ಯವನ್ನು ನಿಲ್ಲಿಸಿತು. ಆ ವರ್ಷದ ಜೂನ್ 10ರವರೆಗೆ ಹಳೆಯ ವಿಳಾಸಕ್ಕೆ ಬಂದವರನ್ನು ಗೂಗಲ್‌ನಲ್ಲಿಯೇ ಇರುವ ಅಂಗಡಿಯ ವಿವರಗಳ ಪುಟಕ್ಕೆ ಕಳುಹಿಸಲಾಗುತ್ತಿತ್ತು. ಅನಂತರ ಅಲ್ಲಿಗೆ ಬಂದವರಿಗೆ ಸಿಕ್ಕಿದ್ದು 'ಈ ಪುಟ ಲಭ್ಯವಿಲ್ಲ' ಎಂಬ ಸೂಚನೆ ಮಾತ್ರ.

ಸಂಸ್ಥೆಯು ಮುಂಚಿತವಾಗಿ ತಿಳಿಸಿತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಉಚಿತವಾಗಿ ಕೊಟ್ಟದ್ದನ್ನು ಹಿಂತೆಗೆದುಕೊಂಡರೆ ದೂರಲು ಕಾರಣವೇನು ಎಂದೂ ಕೇಳಬಹುದು. ಆದರೆ ಮುದ್ರಿತವಾದ ಕೈಚೀಲವನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. ಗ್ರಾಹಕನ ಮನೆಯ ಗೋಡೆಯ ಮೇಲೆ ತೂಗುತ್ತಿರುವ ಕ್ಯಾಲೆಂಡರಿನಲ್ಲಿರುವ ವಿಳಾಸವು ಇಲ್ಲದ ಅಂಗಡಿಯ ವಿಳಾಸವಾಯಿತು. ಮುಚ್ಚಿದ ಅಂಗಡಿಯ ಬಾಗಿಲಿನಲ್ಲಾದರೂ 'ಎದುರಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿದೆ' ಎಂದು ಚೀಟಿ ಅಂಟಿಸಬಹುದು. ಇಲ್ಲಿ ಕೆಲವು ವಾರಗಳ ನಂತರ ಆ ಚೀಟಿಯೂ ಉಳಿಯಲಿಲ್ಲ.

ಇದು ಮೊದಲನೆಯ ಪ್ರಸಂಗವೇನೂ ಅಲ್ಲ. ಯಾಹೂ ಸಂಸ್ಥೆಯು 1999ರಲ್ಲಿ ಭಾರಿ ಬೆಲೆ ತೆತ್ತು ಕೊಂಡ ಜಿಯೋಸಿಟೀಸ್ ಎಂಬ ಉಚಿತ ಪುಟಗಳ ತಾಣವನ್ನು 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಭಾರತದಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಕೊನೆಗೊಂಡಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಅನೇಕ ವೃತ್ತಿ ಸಂಘಗಳು ಪರಸ್ಪರ ಸಂಪರ್ಕಕ್ಕೆ ನೆಚ್ಚಿಕೊಂಡಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಸ್ಥಗಿತಗೊಂಡಿತು. ಪ್ರತಿಯೊಂದೂ ತನ್ನ ಉಚ್ಛ್ರಾಯ ಕಾಲದಲ್ಲಿ ಶಾಶ್ವತವೆಂಬಂತೆಯೇ ಕಂಡಿತ್ತು.

ಮಾಲೀಕನೇ ಮುಚ್ಚಬೇಕೆಂದೂ ಇಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರವು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಅಡಿಯಲ್ಲಿ 59 ಚೀನೀ ಮೂಲದ ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಮನರಂಜನೆಯ ಟಿಕ್‌ಟಾಕ್ ಮಾತ್ರವಲ್ಲದೆ ಶೀಇನ್, ಕ್ಲಬ್ ಫ್ಯಾಕ್ಟರಿಗಳಂಥ ಮಾರಾಟ ತಾಣಗಳೂ ಇದ್ದವು. ರಾಷ್ಟ್ರದ ಭದ್ರತೆಯ ದೃಷ್ಟಿಯಿಂದ ಕೈಗೊಂಡ ಆ ನಿರ್ಧಾರದ ಸಾಧಕ ಬಾಧಕಗಳು ಇಲ್ಲಿ ಅಪ್ರಸ್ತುತ. ಟಿಕ್‌ಟಾಕ್‌ನಲ್ಲಿ ಸೀರೆಯ ಸೆರಗನ್ನು ಹರಡಿ ತೋರಿಸಿ ಗಿರಾಕಿಗಳನ್ನು ಸಂಪಾದಿಸಿದ್ದ ಅಂಗಡಿಯವನಿಗೆ ಒಂದು ರಾತ್ರಿ ಕಳೆಯುವುದರೊಳಗೆ ಆ ಗಿರಾಕಿಗಳ ಹೆಸರಾಗಲಿ ದೂರವಾಣಿ ಸಂಖ್ಯೆಯಾಗಲಿ ತನ್ನ ಬಳಿ ಇಲ್ಲವೆಂಬುದು ಮನವರಿಕೆಯಾಯಿತು ಎಂಬುದಷ್ಟೇ ಪ್ರಸ್ತುತ.

ಇನ್ನು 2021ರ ಅಕ್ಟೋಬರ್ 4ರ ಘಟನೆ. ಅಂದು ರಾತ್ರಿ ನಮ್ಮ ಕಾಲಮಾನ 9 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಏಕಕಾಲಕ್ಕೆ ಜಗತ್ತಿನಾದ್ಯಂತ ಸ್ತಬ್ಧವಾದವು. ಸುಮಾರು ಆರು ಗಂಟೆಗಳ ಕಾಲ ಹಾಗೆಯೇ ಇದ್ದವು. ಯಾವ ದಾಳಿಯೂ ನಡೆದಿರಲಿಲ್ಲ. ನಿತ್ಯದ ನಿರ್ವಹಣೆಯ ವೇಳೆ ನೀಡಿದ ಒಂದು ಆದೇಶವು ಸಂಸ್ಥೆಯ ದತ್ತಾಂಶ ಕೇಂದ್ರಗಳನ್ನು ಜೋಡಿಸುವ ಮೂಲ ಜಾಲವನ್ನೇ ಕಡಿದುಹಾಕಿತು. ಅಂಥ ಆದೇಶವನ್ನು ತಡೆಯಬೇಕಾಗಿದ್ದ ತಪಾಸಣಾ ತಂತ್ರಾಂಶದಲ್ಲಿಯೇ ದೋಷವಿತ್ತು. ಅದರ ಫಲವಾಗಿ ಈ ತಾಣಗಳ ವಿಳಾಸವನ್ನು ಜಗತ್ತಿಗೆ ತಿಳಿಸುವ ಯಂತ್ರಗಳೂ ಸಂಪರ್ಕದಿಂದ ಹೊರಬಿದ್ದವು. ಊರಿಗೆ ಹೋಗುವ ರಸ್ತೆಯ ಜೊತೆಗೆ ಊರಿನ ಹೆಸರಿನ ಫಲಕವೂ ಕಾಣೆಯಾದಂತಾಯಿತು. ಮಹಾಲಯ ಅಮಾವಾಸ್ಯೆಗೆ ಎರಡು ದಿನ, ನವರಾತ್ರಿಗೆ ಮೂರು ದಿನ ಮಾತ್ರ ಇದ್ದ ಆ ಸಂದರ್ಭದಲ್ಲಿ ಇದು ರಾತ್ರಿಯ ಬದಲು ಹಗಲು 11 ಗಂಟೆಗೆ ಸಂಭವಿಸಿದ್ದರೆ, ಹಬ್ಬದ ಸಗಟು ಆದೇಶಗಳನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿಯೇ ಪಡೆಯುವ ಜವಳಿ ಮತ್ತು ದಿನಸಿ ವರ್ತಕರ ಅವಸ್ಥೆ ಏನಾಗುತ್ತಿತ್ತು? ನಾವು ಮಲಗುವ ಹೊತ್ತಿಗೆ ಅಮೆರಿಕದಲ್ಲಿ ಬೆಳಗಾಗಿದ್ದುದು ನಮ್ಮ ಅದೃಷ್ಟ.

ಮೇಲೆ ಹೇಳಿದವುಗಳು ಕಣ್ಣಿಗೆ ಕಾಣುವ ಆಘಾತಗಳು. ಕಣ್ಣಿಗೆ ಕಾಣದಂತೆ ನಡೆಯುವ ಬದಲಾವಣೆಯೇ ನನ್ನ ಅಭಿಪ್ರಾಯದಲ್ಲಿ ಹೆಚ್ಚು ನಷ್ಟ ತರುವಂಥದು. 2018ರ ಜನವರಿಯಲ್ಲಿ ಫೇಸ್‌ಬುಕ್‌ನ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಅವರು, ಬಳಕೆದಾರರಿಗೆ ಇನ್ನು ಮುಂದೆ ವ್ಯಾಪಾರ ಸಂಸ್ಥೆಗಳ ಮತ್ತು ಮಾಧ್ಯಮಗಳ ಪ್ರಕಟಣೆಗಳಿಗಿಂತ ಬಂಧುಮಿತ್ರರ ಪ್ರಕಟಣೆಗಳನ್ನು ಹೆಚ್ಚಾಗಿ ತೋರಿಸಲಾಗುವುದೆಂದು ಸಾರಿದರು. ಸಾಮಾನ್ಯ ಬಳಕೆದಾರನ ದೃಷ್ಟಿಯಿಂದ ಅದು ಸ್ವಾಗತಾರ್ಹವೇ ಇರಬಹುದು. ಆದರೆ ವರ್ಷಗಟ್ಟಲೆ ಶ್ರಮಿಸಿ ತನ್ನ ಪುಟಕ್ಕೆ ಐದು ಸಾವಿರ ಅನುಯಾಯಿಗಳನ್ನು ಕೂಡಿಸಿಕೊಂಡಿದ್ದ ಪೀಠೋಪಕರಣ ತಯಾರಕನೊಬ್ಬನ ಹೊಸ ಮಂಚದ ಚಿತ್ರವು ಅವರಲ್ಲಿ ಬೆರಳೆಣಿಕೆಯ ಜನರಿಗೆ ಮಾತ್ರ ತಲುಪುವಂತಾಯಿತು. ಉಳಿದವರಿಗೂ ತಲುಪಬೇಕೆಂದರೆ ಜಾಹೀರಾತು ಶುಲ್ಕ ತೆರಬೇಕು. ಅಂಗಡಿಯನ್ನು ಯಾರೂ ಮುಚ್ಚಿಸಲಿಲ್ಲ. ಜನ ಓಡಾಡುವ ಮೊಗಸಾಲೆಯನ್ನು ಮಾತ್ರ ಮಾಲೀಕನು ಇನ್ನೊಂದು ಬದಿಗೆ ತಿರುಗಿಸಿ, ಈ ಬದಿಗೆ ಜನರನ್ನು ಕಳುಹಿಸಲು ಪ್ರತ್ಯೇಕ ದರ ನಿಗದಿಪಡಿಸಿದನು. ಮೊದಲು ಉಚಿತ, ಆಮೇಲೆ ಅಭ್ಯಾಸ, ಆಮೇಲೆ ಶುಲ್ಕ. ಹೊಸ ಕಾಫಿಪುಡಿಯ ಪೊಟ್ಟಣವನ್ನು ಮನೆಮನೆಗೆ ಉಚಿತವಾಗಿ ಹಂಚಿ ಮಾರುಕಟ್ಟೆ ಹಿಡಿದ ನಮ್ಮವರಿಗೆ ಈ ವ್ಯಾಪಾರ ನೀತಿ ಅರ್ಥವಾಗದ್ದೇನಲ್ಲ.

ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ನನ್ನ ಪರಿಚಿತರೊಬ್ಬರ ಅನುಭವ ಇನ್ನೊಂದು ಬಗೆಯದು. ಹೊರರಾಜ್ಯಗಳ ಖರೀದಿದಾರರೊಂದಿಗೆ ಅವರು ವ್ಯವಹರಿಸುತ್ತಿದ್ದ ಖಾತೆಯೊಂದು ಒಂದು ದಿನ ಬೆಳಗ್ಗೆ ತೆರೆಯಲಿಲ್ಲ. 'ನಿಯಮ ಉಲ್ಲಂಘನೆ' ಎಂಬ ಎರಡು ಪದಗಳ ಹೊರತು ಯಾವ ವಿವರವೂ ಇರಲಿಲ್ಲ. ಯಾವ ನಿಯಮ, ಯಾವ ಸಂದೇಶ, ಯಾವ ದಿನ? ಕೇಳಲು ಕಚೇರಿಯಿಲ್ಲ, ದೂರವಾಣಿ ಎತ್ತುವವರಿಲ್ಲ. ಮನವಿ ಕಳುಹಿಸಿದರೆ ಯಂತ್ರವೇ ಉತ್ತರಿಸುತ್ತಿತ್ತು. ಹನ್ನೊಂದು ದಿನಗಳ ತರುವಾಯ ಖಾತೆ ತಾನಾಗಿಯೇ ತೆರೆಯಿತು, ಆಗಲೂ ಕಾರಣ ತಿಳಿಯಲಿಲ್ಲ. ಅಷ್ಟರಲ್ಲಿ ಎರಡು ದರಪಟ್ಟಿಗಳ ಗಡುವು ಮೀರಿ ಆದೇಶಗಳು ಬೇರೆಯವರ ಪಾಲಾಗಿದ್ದವು.

ಈಗ ಕಾನೂನಿನ ಸ್ಥಿತಿಯನ್ನು ತುಸು ಪರಿಶೀಲಿಸೋಣ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದಲ್ಲಿ, ತಯಾರಿಕೆಯ ಉದ್ದೇಶಕ್ಕೆ ನೀಡಿದ ಸ್ಥಿರಾಸ್ತಿಯ ಗುತ್ತಿಗೆಯನ್ನು ಕೊನೆಗೊಳಿಸಲು 6 ತಿಂಗಳ, ಇತರ ಉದ್ದೇಶದ ಗುತ್ತಿಗೆಗೆ 15 ದಿನಗಳ ನೋಟಿಸು ಕೊಡಬೇಕು. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ಬಂದ ಕಾನೂನು ಬಾಡಿಗೆದಾರನಿಗೆ ಇಷ್ಟು ರಕ್ಷಣೆಯನ್ನು ನೀಡಿತ್ತು. ಇಂದಿನ ಅಂತರ್ಜಾಲ ವೇದಿಕೆಗಳ ಷರತ್ತುಗಳಲ್ಲಿ, ಕಾರಣವನ್ನು ವಿವರಿಸದೆ ಸೇವೆಯನ್ನು ತಡೆಹಿಡಿಯುವ ಹಕ್ಕನ್ನು ಸಂಸ್ಥೆ ತನ್ನಲ್ಲಿಯೇ ಉಳಿಸಿಕೊಂಡಿರುವುದು ಸಾಮಾನ್ಯ.

ಬದಲಾಯಿಸಲು ಬಾರದ ವಿಧಿನಿಯಮವೇನೂ ಇದಲ್ಲ. ಐರೋಪ್ಯ ಒಕ್ಕೂಟವು 2019ರಲ್ಲಿ ರೂಪಿಸಿ 2020ರ ಜುಲೈ 12ರಿಂದ ಜಾರಿಗೆ ತಂದ ಒಂದು ನಿಬಂಧನೆಯು ವೇದಿಕೆಗಳಿಗೂ ಅವುಗಳನ್ನು ಬಳಸುವ ಉದ್ದಿಮೆಗಳಿಗೂ ನಡುವಣ ಸಂಬಂಧಕ್ಕೆಂದೇ ಮೀಸಲಾಗಿದೆ. ವರ್ತಕನಿಗೆ ನೀಡುವ ಸೇವೆಯನ್ನು ಪೂರ್ಣವಾಗಿ ಕೊನೆಗೊಳಿಸುವುದಿದ್ದರೆ ಸಾಮಾನ್ಯವಾಗಿ 30 ದಿನ ಮೊದಲು ಕಾರಣಸಹಿತ ತಿಳಿಸಬೇಕು. ಷರತ್ತುಗಳನ್ನು ಬದಲಿಸುವುದಿದ್ದರೆ ಕನಿಷ್ಠ 15 ದಿನ ಮೊದಲು ತಿಳಿಸಬೇಕು. ಪಟ್ಟಿಯಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬುದನ್ನು ನಿರ್ಧರಿಸುವ ಪ್ರಮುಖ ಅಂಶಗಳನ್ನು ಬಹಿರಂಗಪಡಿಸಬೇಕು. ನಮ್ಮಲ್ಲಿ 2020ರ ಜುಲೈನಲ್ಲಿ ಹೊರಬಂದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಪಟ್ಟಿಯ ಕ್ರಮಾಂಕದ ವಿಚಾರವನ್ನು ಪ್ರಸ್ತಾಪಿಸುತ್ತವೆಯಾದರೂ, ಹೆಸರೇ ಸೂಚಿಸುವಂತೆ ಅವುಗಳ ಕೇಂದ್ರಬಿಂದು ಗ್ರಾಹಕನೇ ಹೊರತು ವರ್ತಕನಲ್ಲ. ವರ್ತಕನೂ ಆ ವೇದಿಕೆಯ ಗ್ರಾಹಕನೇ ಎಂಬ ಸಂಗತಿ ಶಾಸನಕರ್ತರ ಗಮನಕ್ಕೆ ಇನ್ನಷ್ಟು ಬರಬೇಕಾಗಿದೆ.

ನ್ಯಾಯಾಲಯದ ಮಾರ್ಗವು ನಮ್ಮಂಥವರಿಗೆ ಎಷ್ಟು ದೂರವೆಂಬುದಕ್ಕೆ ನಮ್ಮ ಉಚ್ಚ ನ್ಯಾಯಾಲಯದಲ್ಲಿಯೇ ನಡೆದ ಪ್ರಕರಣವನ್ನು ನೆನೆಯಬಹುದು. ದೆಹಲಿಯ ವರ್ತಕರ ಸಂಘಟನೆಯೊಂದರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಸಂಸ್ಥೆಗಳ ವಿರುದ್ಧ ತನಿಖೆಗೆ ಆದೇಶಿಸಿತು. ಆಯ್ದ ಮಾರಾಟಗಾರರಿಗೆ ಆದ್ಯತೆ ನೀಡಲಾಗುತ್ತಿದೆ ಎಂಬುದು ದೂರಿನ ಮುಖ್ಯಾಂಶಗಳಲ್ಲಿ ಒಂದು. ಫೆಬ್ರವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. 2021ರ ಜೂನ್ 11ರಂದು ಏಕಸದಸ್ಯ ಪೀಠವೂ, ಜುಲೈನಲ್ಲಿ ವಿಭಾಗೀಯ ಪೀಠವೂ ಸಂಸ್ಥೆಗಳ ಅರ್ಜಿಗಳನ್ನು ವಜಾಗೊಳಿಸಿದವು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮಧ್ಯಪ್ರವೇಶಿಸಲು ನಿರಾಕರಿಸಿತು. ತನಿಖೆ ಆರಂಭವಾಗಬಹುದೇ ಎಂಬ ಒಂದು ಪ್ರಶ್ನೆ ಇತ್ಯರ್ಥವಾಗಲು ಒಂದೂವರೆ ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು. ಒಂದು ಋತುವಿನ ಮಾರಾಟ ತಪ್ಪಿದರೆ ಬ್ಯಾಂಕಿನ ಕಂತು ತಪ್ಪುವ ಸಣ್ಣ ಉದ್ದಿಮೆದಾರನಿಗೆ ಈ ಕಾಲಮಾನ ಹೊಂದಿಕೆಯಾಗದು.

ಆದಾಗ್ಯೂ ಬಹಳ ಮಂದಿಗೆ ತಿಳಿಯದ ಒಂದು ಪರಿಹಾರ ಮಾರ್ಗವಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ವೇದಿಕೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು ಹಾಗೂ ಸಂಪರ್ಕ ವಿವರಗಳನ್ನು ಪ್ರಕಟಿಸಬೇಕು. ಅವರ ತೀರ್ಮಾನ ಸಮಾಧಾನಕರವಾಗಿರದಿದ್ದಲ್ಲಿ 30 ದಿನಗಳೊಳಗೆ, ಕೇಂದ್ರ ಸರ್ಕಾರವು 2023ರಲ್ಲಿ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಅಂತರ್ಜಾಲದ ಮೂಲಕವೇ ಮನವಿ ಸಲ್ಲಿಸಬಹುದು. ವಕೀಲರ ಅವಶ್ಯಕತೆ ಇಲ್ಲ, ದೆಹಲಿಗೆ ಪ್ರಯಾಣ ಬೆಳೆಸಬೇಕಾಗಿಲ್ಲ. ಖಾತೆ ಸ್ಥಗಿತಗೊಂಡ ಸದಸ್ಯರು ಯಂತ್ರದೊಂದಿಗೆ ವಾದಿಸುತ್ತ ದಿನ ಕಳೆಯುವ ಬದಲು ಮೊದಲ ದಿನವೇ ಈ ಅಧಿಕಾರಿಗೆ ಲಿಖಿತ ದೂರು ನೀಡಿ, ಅದರ ಪ್ರತಿಯನ್ನೂ ಪರದೆಯ ಚಿತ್ರವನ್ನೂ ಇಟ್ಟುಕೊಳ್ಳುವುದು ಲೇಸು. ಮೇಲೆ ಹೇಳಿದ ಪೀಣ್ಯದ ಮಿತ್ರರಿಗೆ ಈ ಮಾಹಿತಿ ಆಗ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಡೆಗೂ ತಿರುಗಿ ನೋಡಬೇಕಾಗುತ್ತದೆ. ಸ್ವಂತ ನೆಲವೆಂಬುದು ಅಂತರ್ಜಾಲದಲ್ಲಿಯೂ ಇದೆ. ಅದಕ್ಕೆ ಡೊಮೇನ್ ಹೆಸರೆಂದು ಕರೆಯುತ್ತಾರೆ. 2005ರ ಫೆಬ್ರವರಿ 16ರಿಂದ 'ಡಾಟ್ ಇನ್' ವಿಳಾಸಗಳ ನೋಂದಣಿ ಸಾರ್ವಜನಿಕರಿಗೆ ಮುಕ್ತವಾಗಿದೆ. ವಾರ್ಷಿಕ ವೆಚ್ಚ ಸಾಮಾನ್ಯವಾಗಿ ಸಾವಿರ ರೂಪಾಯಿಗಳ ಆಸುಪಾಸು, ಹಲವೊಮ್ಮೆ ಅದಕ್ಕಿಂತಲೂ ಕಡಿಮೆ. ದೀಪಾವಳಿಗೆ ಹಂಚುವ ಸಿಹಿತಿಂಡಿಯ ಎರಡು ಪೆಟ್ಟಿಗೆಗಳ ಬೆಲೆ ಅದಕ್ಕಿಂತ ಹೆಚ್ಚು. ಇದೂ ವರ್ಷವರ್ಷವೂ ನವೀಕರಿಸಬೇಕಾದದ್ದೇ ಆದ್ದರಿಂದ ಇದೂ ಒಂದು ಬಗೆಯ ಬಾಡಿಗೆಯೇ ಎಂದು ಆಕ್ಷೇಪಿಸಬಹುದು. ಆದರೆ ವ್ಯತ್ಯಾಸ ಗಣನೀಯವಾಗಿದೆ. ಹಣ ಕಟ್ಟುತ್ತಿರುವವರೆಗೆ ನವೀಕರಿಸಿಕೊಳ್ಳುವ ಹಕ್ಕು ನೋಂದಾಯಿಸಿದವರದು. ಒಬ್ಬ ನೋಂದಣಿದಾರನ ಸೇವೆ ಹಿಡಿಸದಿದ್ದರೆ ಅದೇ ಹೆಸರನ್ನು ಇನ್ನೊಬ್ಬನ ಬಳಿಗೆ ಒಯ್ಯಬಹುದು. ಜಾಲತಾಣವನ್ನು ಇರಿಸಿದ ಗಣಕಯಂತ್ರ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅದಕ್ಕೆ ಕಾನೂನಿನ ಮನ್ನಣೆ ಇದೆ. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾದ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸಲ್ಯೂಷನ್ಸ್ ಸಂಸ್ಥೆಗಳ ನಡುವಣ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರ ಮೇ 6ರಂದು, ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆಯೇ ರಕ್ಷಣೆ ಸಲ್ಲುತ್ತದೆಂದು ತೀರ್ಪಿತ್ತಿತು. ಫೇಸ್‌ಬುಕ್ ಪುಟದ ಅನುಯಾಯಿಗಳ ಮೇಲೆ ಇಂಥ ಹಕ್ಕನ್ನು ಸಾಧಿಸುವುದು ಹೇಗೆಂದು ನನಗಂತೂ ತೋಚದು.

ಡೊಮೇನ್ ಹೆಸರು ಇದ್ದವರ ಸ್ಥಿತಿಯೂ ಹಲವು ಸಂದರ್ಭಗಳಲ್ಲಿ ತೃಪ್ತಿಕರವಾಗಿಲ್ಲ. 'ನಮಗೆ ವೆಬ್‌ಸೈಟ್ ಇದೆ' ಎನ್ನುವ ಸದಸ್ಯರನ್ನು, ಅದು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಕೇಳಿ ನೋಡಿ. ಬಹಳಷ್ಟು ಕಡೆ ಅದನ್ನು ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ, ಅವನ ಇ-ಮೇಲ್ ವಿಳಾಸದಲ್ಲಿ, ಅವನ ಮೊಬೈಲ್ ಸಂಖ್ಯೆಗೆ ಜೋಡಿಸಿ ನೋಂದಣಿಯಾಗಿರುತ್ತದೆ. ಅವನಿಗೆ ದುರುದ್ದೇಶವಿರುವುದಿಲ್ಲ, ಅದು ಸುಲಭವೆಂದು ಹಾಗೆ ಮಾಡಿರುತ್ತಾನೆ. ಕೆಲವು ವರ್ಷಗಳ ನಂತರ ಅವನು ಒಳ್ಳೆಯ ನೌಕರಿ ಹಿಡಿದು ಪರಊರಿಗೆ ಹೋಗುತ್ತಾನೆ. ನವೀಕರಣದ ಜ್ಞಾಪನಾ ಪತ್ರಗಳು ಅವನು ತೆರೆದು ನೋಡದ ಹಳೆಯ ಖಾತೆಗೆ ಬರುತ್ತಿರುತ್ತವೆ. ಗಡುವು ಮೀರಿದ ಮೇಲೆ ಆ ಹೆಸರು ಮತ್ತೊಬ್ಬರ ಪಾಲಾಗುತ್ತದೆ. ಅಂಗಡಿಯ ನಿವೇಶನವನ್ನು ಮೇಸ್ತ್ರಿಯ ಹೆಸರಿನಲ್ಲಿ ನೋಂದಾಯಿಸುವವರು ನಮ್ಮಲ್ಲಿ ಯಾರೂ ಇಲ್ಲ. ಇಲ್ಲಿ ಮಾತ್ರ ಏಕೆ ಈ ಉದಾರತೆ?

ಇದಕ್ಕಿಂತ ಸಾಮಾನ್ಯವಾದದ್ದು ಮೊಬೈಲ್ ಸಂಖ್ಯೆಯ ಸಮಸ್ಯೆ. ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆಯನ್ನು ಮಾರಾಟ ವಿಭಾಗದ ನೌಕರನ ಸ್ವಂತ ಸಂಖ್ಯೆಯಲ್ಲಿ ತೆರೆದಿರುತ್ತಾರೆ. ಗ್ರಾಹಕರಿಗೆ ಸಂಸ್ಥೆಯೆಂದರೆ ಆ ಸಂಖ್ಯೆ. ಅವನು ಕೆಲಸ ಬಿಟ್ಟು ಎದುರು ಸಾಲಿನ ಅಂಗಡಿಗೆ ಸೇರಿದ ದಿನ ಹತ್ತು ವರ್ಷಗಳ ಗ್ರಾಹಕ ಸಂಪರ್ಕವೂ ಅವನ ಜೇಬಿನಲ್ಲಿಯೇ ರಸ್ತೆ ದಾಟುತ್ತದೆ. ಸಂಸ್ಥೆಯ ಹೆಸರಿನಲ್ಲಿಯೇ ಒಂದು ಸಿಮ್ ಪಡೆದು, ಅದನ್ನು ಕಚೇರಿಯ ದೂರವಾಣಿಯಲ್ಲಿಯೇ ಇಡುವುದಕ್ಕೆ ತಾಂತ್ರಿಕ ಜ್ಞಾನವೇನೂ ಬೇಕಾಗಿಲ್ಲ.

ಗ್ರಾಹಕರ ಪಟ್ಟಿಯನ್ನು ನಮ್ಮದೇ ಪುಸ್ತಕದಲ್ಲಿ ಇಟ್ಟುಕೊಳ್ಳುವುದು ನಮ್ಮ ಹಿರಿಯರಿಗೆ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ. ಖಾತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಊರು, ಹೆಸರು, ಸಾಗಣೆಯ ಲಾರಿ ಕಚೇರಿ ಎಲ್ಲವೂ ಇರುತ್ತಿದ್ದವು. ಈಗ ಅದು ಗಣಕಯಂತ್ರದ ಒಂದು ಕಡತದಲ್ಲಿರಬಹುದು. ಆದರೆ ವಾರಕ್ಕೊಮ್ಮೆಯಾದರೂ ಅದರ ಪ್ರತಿಯೊಂದನ್ನು ಬೇರೆಡೆ ಉಳಿಸಬೇಕು. ಸರಕಿನ ಛಾಯಾಚಿತ್ರಗಳ, ವಿವರಗಳ ಮೂಲ ಪ್ರತಿಗಳೂ ನಮ್ಮ ಬಳಿಯೇ ಇರಬೇಕು. ವೇದಿಕೆಗೆ ಏರಿಸಿದ ಚಿತ್ರವೇ ಏಕೈಕ ಪ್ರತಿ ಆಗಬಾರದು. ಇಲ್ಲಿ ಒಂದು ಎಚ್ಚರಿಕೆಯ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ಅಂಕೀಯ ರೂಪದಲ್ಲಿ ಗ್ರಾಹಕರ ಹೆಸರು ಮತ್ತು ಸಂಖ್ಯೆಗಳನ್ನು ಇಟ್ಟುಕೊಳ್ಳುವವರು ಅವರ ಸಮ್ಮತಿ ಪಡೆಯುವ, ಉದ್ದೇಶ ತಿಳಿಸುವ, ಮಾಹಿತಿಯನ್ನು ಭದ್ರವಾಗಿಡುವ ಹೊಣೆಗಾರಿಕೆಯನ್ನೂ ಹೊರಬೇಕಾಗುತ್ತದೆ. ಪಟ್ಟಿ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ.

'ಗ್ರಾಹಕರೆಲ್ಲ ಆ ವೇದಿಕೆಗಳಲ್ಲಿಯೇ ಇದ್ದಾರೆ, ನಮ್ಮ ಸ್ವಂತ ಜಾಲತಾಣಕ್ಕೆ ಬರುವವರು ಯಾರು?' ಎಂಬ ಪ್ರಶ್ನೆಯನ್ನು ಅನೇಕರು ಎತ್ತುತ್ತಾರೆ. ಪ್ರಶ್ನೆ ನ್ಯಾಯಸಮ್ಮತವಾಗಿಯೇ ಇದೆ. ಜಾತ್ರೆಯಲ್ಲಿ ಜನ ಸೇರುತ್ತಾರೆಂದು ಅಲ್ಲಿ ಮಳಿಗೆ ಹಾಕುವುದು ಜಾಣತನ. ಆದರೆ ಜಾತ್ರೆಯಲ್ಲಿ ಮಳಿಗೆ ಹಾಕಿದ ಬಳೆಗಾರನೂ ತನ್ನ ಊರಿನ ಅಂಗಡಿಯನ್ನು ಮುಚ್ಚಿ ಬರುವುದಿಲ್ಲ. ಕೊಂಡವರಿಗೆ ಊರಿನ ವಿಳಾಸವನ್ನು ಹೇಳಿಯೇ ಕಳುಹಿಸುತ್ತಾನೆ. ವೇದಿಕೆಯ ಮೂಲಕ ಬಂದ ಗ್ರಾಹಕನಿಗೆ ಸರಕಿನ ಜೊತೆಯಲ್ಲಿ ಹೋಗುವ ಬಿಲ್ಲಿನ ಮೇಲೆ ನಮ್ಮ ಸ್ವಂತ ವಿಳಾಸ ಮುದ್ರಿತವಾಗಿದೆಯೇ? ಆ ವೇದಿಕೆಯ ನಿಯಮಗಳು ಅದಕ್ಕೆ ಎಷ್ಟರಮಟ್ಟಿಗೆ ಅವಕಾಶ ಕೊಡುತ್ತವೆ? ಸೇರುವ ಮುನ್ನ ಓದಬೇಕಾದ ಷರತ್ತು ಇದು.

ಪರ್ಯಾಯಗಳ ಪ್ರಯತ್ನವೂ ನಡೆದಿದೆ. ಕೇಂದ್ರ ವಾಣಿಜ್ಯ ಸಚಿವಾಲಯದ ಉಪಕ್ರಮವಾಗಿ 2021ರ ಕೊನೆಯಲ್ಲಿ ಸ್ಥಾಪಿತವಾಗಿ, 2022ರ ಸೆಪ್ಟೆಂಬರ್ ಅಂತ್ಯದಲ್ಲಿ ಬೆಂಗಳೂರಿನ ಸಾರ್ವಜನಿಕರಿಗೆ ಪ್ರಾಯೋಗಿಕವಾಗಿ ತೆರೆದುಕೊಂಡ ಓಎನ್‌ಡಿಸಿ ಜಾಲದ ಮೂಲ ಕಲ್ಪನೆಯೇ, ಕೊಳ್ಳುವವನ ಆ್ಯಪ್ ಮತ್ತು ಮಾರುವವನ ಆ್ಯಪ್ ಒಂದೇ ಸಂಸ್ಥೆಯದಾಗಿರಬೇಕಿಲ್ಲ ಎಂಬುದು. ಅದೇ ವರ್ಷ ನಮ್ಮ ನಗರದ ಆಟೋ ಚಾಲಕರ ಸಂಘವು ಕೈಜೋಡಿಸಿ ಆರಂಭವಾದ 'ನಮ್ಮ ಯಾತ್ರಿ'ಯು ಪ್ರತಿ ಬಾಡಿಗೆಯಲ್ಲೂ ಕಮಿಷನ್ ಕಡಿಯುವ ಪದ್ಧತಿಯನ್ನು ಬಿಟ್ಟು, ಮುಂದೆ ಚಾಲಕರಿಂದ ನಿಗದಿತ ಶುಲ್ಕ ಪಡೆಯುವ ಪದ್ಧತಿಯನ್ನು ತಂದಿತು. ಓಎನ್‌ಡಿಸಿಯ ಬಗೆಗೆ ಆರಂಭದಲ್ಲಿ ವ್ಯಕ್ತವಾದ ಉತ್ಸಾಹದಷ್ಟು ನಿರೀಕ್ಷೆ ನನಗಿಲ್ಲ. ಸರಕು ಹಿಂದಿರುಗಿಸುವಿಕೆ ಮತ್ತು ದೂರು ನಿರ್ವಹಣೆಯಲ್ಲಿ ಹಲವು ಕೈಗಳು ಸೇರಿದಷ್ಟೂ ಹೊಣೆ ಯಾರದೆಂಬುದು ಮಸುಕಾಗುತ್ತದೆ. ಆದರೆ ಆಟೋ ಚಾಲಕರು ಒಗ್ಗಟ್ಟಿನಿಂದ ಸಾಧಿಸಿದ್ದನ್ನು ವರ್ತಕ ಸಂಘಟನೆಗಳು ಇನ್ನೂ ಯೋಚಿಸಿಯೂ ಇಲ್ಲವೆಂಬುದು ವಿಚಾರಣೀಯ.

ನಮ್ಮ ಸಂಸ್ಥೆಯು ಕೇಂದ್ರ ಸರ್ಕಾರಕ್ಕೆ ಮುಂಗಡಪತ್ರ ಪೂರ್ವ ಮನವಿಗಳನ್ನು ಸಲ್ಲಿಸುವ ಸಂದರ್ಭದಲ್ಲಿ ತೆರಿಗೆ, ವಿದ್ಯುತ್ ದರ, ಸಾಲದ ಬಡ್ಡಿಗಳ ಜೊತೆಗೆ ಈ ವಿಷಯವನ್ನೂ ಸೇರಿಸಬೇಕೆಂಬುದು ನನ್ನ ಸಲಹೆ. ಖಾತೆ ರದ್ದುಪಡಿಸುವ ಮುನ್ನ ಕಾರಣಸಹಿತ ನೋಟಿಸು ಕಡ್ಡಾಯವಾಗಲಿ. ಮನುಷ್ಯರೊಬ್ಬರು ಅಹವಾಲು ಕೇಳುವ ವ್ಯವಸ್ಥೆ ಇರಲಿ. ವರ್ಷಗಳ ಪರಿಶ್ರಮದಿಂದ ಗಳಿಸಿದ ಗ್ರಾಹಕರ ಮೆಚ್ಚುಗೆಯ ವಿಮರ್ಶೆಗಳನ್ನು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಒಯ್ಯಲು ಅವಕಾಶವಿರಲಿ. ಈ ಕೊನೆಯ ಬೇಡಿಕೆಯನ್ನು ಅಸಾಧ್ಯವೆಂದು ತಳ್ಳಿಹಾಕುವವರಿಗೆ 2011ರ ಜನವರಿ 20ನ್ನು ನೆನಪಿಸಬಹುದು. ಮೊಬೈಲ್ ಕಂಪನಿ ಬದಲಿಸಿದರೆ ಸಂಖ್ಯೆಯನ್ನೇ ಕಳೆದುಕೊಳ್ಳಬೇಕಾಗಿದ್ದ ಕಾಲ ಅಂದು ದೇಶಾದ್ಯಂತ ಕೊನೆಗೊಂಡಿತು. ಅದಕ್ಕೂ ಮುನ್ನ ತಾಂತ್ರಿಕ ತೊಡಕುಗಳ ದೊಡ್ಡ ಪಟ್ಟಿಯೇ ಇತ್ತು.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ನಮ್ಮ ಸದಸ್ಯರ ಕೈಪಿಡಿಯ ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಹಿಂದೆ ಇ-ಮೇಲ್ ಅಂಕಣದಲ್ಲಿ ರೆಡಿಫ್, ಯಾಹೂ, ಹಾಟ್‌ಮೇಲ್ ಎಂದಿದ್ದ ಜಾಗದಲ್ಲಿ ಈಗ ಸಾಲುಸಾಲಾಗಿ ಜಿಮೇಲ್ ಇದೆ. ನಡುವೆ ಅಲ್ಲೊಂದು ಇಲ್ಲೊಂದು ಸಂಸ್ಥೆ ಮಾತ್ರ ತನ್ನದೇ ಹೆಸರಿನ ವಿಳಾಸವನ್ನು ಹೊಂದಿದೆ. ಅಂಥ ಸಂಸ್ಥೆಗಳ ವಿಳಾಸ ಎರಡೂ ಆವೃತ್ತಿಗಳಲ್ಲಿ ಒಂದೇ ಆಗಿರುವುದು ಕಣ್ಣಿಗೆ ಬಿದ್ದಿತು. ಬರುವ ವರ್ಷದ ಸದಸ್ಯತ್ವ ನವೀಕರಣದ ಅರ್ಜಿಯಲ್ಲಿ ಮೂರು ಅಂಕಣಗಳನ್ನು ಹೆಚ್ಚಿಗೆ ಸೇರಿಸುವಂತೆ ಕಾರ್ಯದರ್ಶಿಯವರಲ್ಲಿ ವಿನಂತಿಸುತ್ತೇನೆ: ಸಂಸ್ಥೆಯ ಡೊಮ‍ೇನ್ ಹೆಸರು, ಅದು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಮತ್ತು ಅದರ ಅವಧಿ ಮುಗಿಯುವ ದಿನಾಂಕ. ಎರಡನೆಯ ಅಂಕಣವನ್ನು ಭರ್ತಿ ಮಾಡಲು ಸದಸ್ಯರು ಯಾರಿಗಾದರೂ ದೂರವಾಣಿ ಕರೆ ಮಾಡಬೇಕಾಗಿ ಬಂದಲ್ಲಿ, ಅರ್ಜಿ ಸಲ್ಲಿಸುವ ಮೊದಲೇ ಆ ಕರೆಯನ್ನು ಮಾಡುವುದು ಒಳಿತು.